ಇಂಡಿಯಾನಾದಂಥ ಹಳೆ ಬ್ಯಾಸ್ಕೆಟ್‌ಬಾಲ್ ತಂಡಗಳನ್ನು ದುಡ್ಡೇ ಮುಗಿಸಿತಾ? ಓದಲು ಬ್ಲೂಮಿಂಗ್ಟನ್‌ಗೆ ಹೋಗುತ್ತಿದ್ದೇನೆ, ಸೀಸನ್ ಟಿಕೆಟ್ ತಗೊಳ್ಳಲಾ, ಗೆಲ್ಲುವ ತಂಡವನ್ನು ಟಿವಿಯಲ್ಲಿ ನೋಡಲಾ?

ನಾನು 2010ರಲ್ಲಿ ಎಂ.ಎಸ್. ಮಾಡಲು ಇಂಡಿಯಾನಾ ವಿಶ್ವವಿದ್ಯಾಲಯ ಇರುವ ಬ್ಲೂಮಿಂಗ್ಟನ್‌ಗೆ ಹೊರಟಾಗ ನನಗೂ ಎಲ್ಲರೂ ಇದನ್ನೇ ಹೇಳಿದ್ದರು. ಆ ತಂಡದ ಕಥೆ ಮುಗಿಯಿತು, ಸುಮ್ನೆ ಓದಿಕೊಂಡು ಬಾ ಅಂತ.

ವಿಶ್ವವಿದ್ಯಾಲಯದ ತಂಡ ಆಡುವ ಅಸೆಂಬ್ಲಿ ಹಾಲ್ ಒಳಗೆ ಕಾಲಿಟ್ಟರೆ ಐದು ಚಾಂಪಿಯನ್ ಬ್ಯಾನರ್‌ಗಳು ಕಾಣುತ್ತವೆ. 1940, 1953, 1976, 1981, 1987. 1976ರ ತಂಡ ಆಡಿದ 32 ಪಂದ್ಯವನ್ನೂ ಗೆದ್ದಿತ್ತು. ಅದಾದ ಮೇಲೆ ಪುರುಷರ ಮೊದಲ ದರ್ಜೆಯ ಕಾಲೇಜ್ ಆಟದಲ್ಲಿ ಒಂದೂ ಸೋಲಿಲ್ಲದೆ ಚಾಂಪಿಯನ್ ಆದವರು ಯಾರೂ ಇಲ್ಲ. ಆದರೆ ನಾನು ಹೋದಾಗ ಅದೇ ಬ್ಯಾನರ್‌ಗಳ ಕೆಳಗೆ ಆಡುತ್ತಿದ್ದ ಹುಡುಗರು ಸೋತು ಸುಣ್ಣವಾಗಿದ್ದರು. ಕೋಚ್ ಕೆಲ್ವಿನ್ ಸ್ಯಾಂಪ್ಸನ್ ಹೊಸ ಹುಡುಗರನ್ನು ಸೇರಿಸಿಕೊಳ್ಳಲು ನಿಯಮ ಮೀರಿ ಫೋನ್ ಮಾಡಿದರು ಅಂತ 2008ರ ಫೆಬ್ರವರಿಯಲ್ಲಿ ಕೆಲಸ ಬಿಡಬೇಕಾಯಿತು. ತಂಡ ಚದುರಿತು. ಟಾಮ್ ಕ್ರೀನ್ ಬಂದ ಮೊದಲ ವರ್ಷ 6 ಗೆಲುವು, 25 ಸೋಲು. ಮರುವರ್ಷ 10 ಗೆಲುವು. ನನ್ನ ಮೊದಲ ವರ್ಷ 12 ಗೆಲುವು, 20 ಸೋಲು. (ಆ ಫೋನ್ ನಿಯಮವನ್ನು 2012ರಲ್ಲಿ ಕಾಲೇಜ್ ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯೇ ಸಡಿಲಿಸಿತು. ಸ್ಯಾಂಪ್ಸನ್ ಆಮೇಲೆ ಹ್ಯೂಸ್ಟನ್ ತಂಡವನ್ನು 2025ರ ಫೈನಲ್‌ವರೆಗೆ ಒಯ್ದರು.)

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ, ಯಾಕೆಂದರೆ ನೀವು ಅದನ್ನೇ ಮಾಡುವ ಹಾಗೆ ಕಾಣುತ್ತಿದೆ.

2011ರ ಡಿಸೆಂಬರ್ 10, ಶನಿವಾರ. ದೇಶದ ನಂಬರ್ ಒನ್ ಕೆಂಟಕಿ ನಮ್ಮಲ್ಲಿಗೆ ಆಡಲು ಬಂದಿತ್ತು. ಮುಂದೆ ಎನ್‌ಬಿಎ ತಾರೆಯಾದ ಆಂಥನಿ ಡೇವಿಸ್ ಇದ್ದ ತಂಡ ಅದು. ನನ್ನ ಹತ್ತಿರ ಟಿಕೆಟ್ ಇತ್ತು, ಮಾರಿಬಿಟ್ಟೆ. ಪರೀಕ್ಷೆ ಹತ್ತಿರ ಇತ್ತು ಅಂತ ಆಮೇಲೆ ಎಲ್ಲರಿಗೂ ಹೇಳಿದೆ. ಬಾಡಿಗೆಗೆ ದುಡ್ಡು ಬೇಕಿತ್ತು ಅಂತಲೂ ಹೇಳಿದೆ. ಎರಡೂ ನಿಜವೇ, ಆದರೆ ಅದು ಕಾರಣ ಅಲ್ಲ. ಆ ವರ್ಷ ತಂಡ ಆವರೆಗೆ ಒಂದೂ ಪಂದ್ಯ ಸೋತಿರಲಿಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇವರು ಸಣ್ಣಪುಟ್ಟ ತಂಡಗಳನ್ನು ಹೊಡೆದಿದ್ದಾರೆ ಅಷ್ಟೇ, ಕೆಂಟಕಿ ಮುಂದೆ ನಿಲ್ಲಲ್ಲ, ಇವರು 1976ರ ಹುಡುಗರಲ್ಲ ಅಂತ ತೀರ್ಮಾನ ಮಾಡಿದ್ದೆ. ಕೋಡಿ ಝೆಲ್ಲರ್ ಬಂದಿದ್ದಾನೆ, ಹಿಂದಿನ ಮೂರು ವರ್ಷ ಸೋತ ಹುಡುಗರೇ ಈಗ ಗಟ್ಟಿಯಾಗಿದ್ದಾರೆ, ಇದನ್ನೆಲ್ಲ ಹಾಲ್‌ನಲ್ಲಿ ಕೂತು ಕಣ್ಣಾರೆ ನೋಡಿದವನು ನಾನು. ನೋಡಿದ್ದನ್ನು ಬಿಟ್ಟು, ನಾನು ಹುಟ್ಟುವ ಮುಂಚಿನ ತಂಡದ ಜೊತೆ ಇವರನ್ನು ತೂಗಿದೆ.

ಕೊನೆಯ ಕ್ಷಣದಲ್ಲಿ ಇಂಡಿಯಾನಾ ಎರಡು ಪಾಯಿಂಟ್ ಹಿಂದೆ. ಕ್ರಿಶ್ಚಿಯನ್ ವಾಟ್‌ಫರ್ಡ್ ಮೂರು ಪಾಯಿಂಟ್ ಗೆರೆಯ ಆಚೆಯಿಂದ ಎಸೆದ, ಬಝರ್ ಹೊಡೆಯಿತು, ಚೆಂಡು ಒಳಗೆ. 73-72. ಜನ ಕೋರ್ಟ್‌ಗೇ ನುಗ್ಗಿದರು. ನನ್ನ ಕ್ಲಾಸಿನವರೂ ಅಲ್ಲಿದ್ದರು. ನಾನು ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಕೆಂಟಕಿ ಆ ವರ್ಷ ಎರಡೇ ಪಂದ್ಯ ಸೋತು ಚಾಂಪಿಯನ್ ಆಯಿತು. ಆ ಎರಡರಲ್ಲಿ ಒಂದು ನನ್ನ ಟಿಕೆಟ್‌ನಲ್ಲಿದ್ದ ಪಂದ್ಯ. ಅಂಥದ್ದು ಇನ್ನೊಂದು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಇನ್ನು ದುಡ್ಡಿನ ವಿಷಯ. ನಿಮ್ಮ ಪ್ರಶ್ನೆಯ ಬುಡವೇ ತಪ್ಪು ಅಂತ ನನಗನಿಸುತ್ತದೆ. ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು ಅನ್ನುವ ಎನ್‌ಐಎಲ್ ಬಂದಿದ್ದು 2021ರ ಜುಲೈನಲ್ಲಿ. ಇಂಡಿಯಾನಾ ಕೊನೆಯ ಸಲ ಚಾಂಪಿಯನ್ ಆಗಿದ್ದು 1987ರಲ್ಲಿ, ಕೊನೆಯ ಫೈನಲ್ ಆಡಿದ್ದು 2002ರಲ್ಲಿ. ಮಧ್ಯದ ವರ್ಷಗಳನ್ನು ಎನ್‌ಐಎಲ್ ತಲೆಗೆ ಕಟ್ಟಲು ಆಗುತ್ತಾ? ದುಡ್ಡಿಗೆ ಬರವೂ ಇರಲಿಲ್ಲ. 2021ರಲ್ಲಿ ಕೋಚ್ ಆರ್ಚಿ ಮಿಲ್ಲರ್ ಅವರನ್ನು ತೆಗೆದಾಗ ಕರಾರಿನಂತೆ ಕೊಡಬೇಕಿದ್ದ ಒಂದು ಕೋಟಿ ಡಾಲರ್‌ಗೂ ಜಾಸ್ತಿ ಹಣವನ್ನು ದಾನಿಗಳೇ ಕೊಟ್ಟರು.

ನನ್ನ ಪ್ರಕಾರ ಈ ತಂಡ ನಿಂತಿದ್ದು ಒಬ್ಬ ಮನುಷ್ಯನ ಮೇಲೆ. ಬಾಬ್ ನೈಟ್ 1971ರಿಂದ 2000ದವರೆಗೆ ಕೋಚ್ ಆಗಿದ್ದರು, ಐದರಲ್ಲಿ ಮೂರು ಬ್ಯಾನರ್ ಅವರದು. ಆಟಗಾರನೊಬ್ಬನ ಕುತ್ತಿಗೆಗೆ ಕೈ ಹಾಕಿದ ಹಳೆ ವಿಡಿಯೊ ಹೊರಬಂತು, ಕಡೆಯ ಎಚ್ಚರಿಕೆ ಕೊಟ್ಟರು, ಅದೇ 2000ದ ಸೆಪ್ಟೆಂಬರ್‌ನಲ್ಲಿ ತೆಗೆದುಹಾಕಿದರು. ತೆಗೆದದ್ದು ಸರಿಯೇ. ಹುಡುಗರ ಮೇಲೆ ಕೈ ಮಾಡುವವರು ಎಷ್ಟು ಗೆದ್ದರೇನು? ಆದರೆ ಊರು ಎರಡು ಪಾಲಾಯಿತು, ನೈಟ್ 2020ರವರೆಗೆ ಆ ಹಾಲ್‌ಗೆ ತಂಡದ ಪಂದ್ಯಕ್ಕೆ ಮರಳಲಿಲ್ಲ. ಆ ಮೇಲೆ ಬಂದ ಪ್ರತಿಯೊಬ್ಬ ಕೋಚ್‌ನನ್ನೂ ಜನ ನೈಟ್ ಪಕ್ಕ ನಿಲ್ಲಿಸಿಯೇ ನೋಡಿದರು. ಕ್ರೀನ್ 2013ರಲ್ಲಿ, 2016ರಲ್ಲಿ ತಂಡ ಆಡುವ ಲೀಗ್ ಆದ ಬಿಗ್ ಟೆನ್ ಗೆದ್ದುಕೊಟ್ಟರು. 2017ರಲ್ಲಿ ಅವರನ್ನು ಕಳಿಸಿದರು! ಮುಂದಿನ ನಾಲ್ಕು ವರ್ಷ ಮಿಲ್ಲರ್ ಕಾಲದಲ್ಲಿ ತಂಡ ಎನ್‌ಸಿಎಎ ಟೂರ್ನಿ ಮುಖವನ್ನೇ ನೋಡಲಿಲ್ಲ.

ಲಾಸ್ ಏಂಜಲಿಸ್‌ನ ಕಾಲೇಜ್ ತಂಡ ಯುಸಿಎಲ್‌ಎ ನೋಡಿ. ಕೋಚ್ ಜಾನ್ ವುಡನ್ 1964ರಿಂದ 1975ರ ಒಳಗೆ 10 ಸಲ ಚಾಂಪಿಯನ್ ಮಾಡಿಸಿದರು, ಅದರಲ್ಲಿ ಏಳು ಸತತವಾಗಿ. ಆ ಓಟ ನಿಂತಿದ್ದು 1974ರ ಮಾರ್ಚ್‌ನಲ್ಲಿ, ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಸೆಮಿಫೈನಲ್‌ನಲ್ಲಿ. ನಮ್ಮ ಕರ್ನಾಟಕ ರಣಜಿ ಸೆಮಿಫೈನಲ್‌ನಲ್ಲಿ ಬಾಂಬೆಯ 15 ವರ್ಷದ ಓಟ ನಿಲ್ಲಿಸಿದ್ದೂ ಅದೇ 1974ರಲ್ಲಿ, ಗೊತ್ತಲ್ವಾ? ಬಾಂಬೆ ಮತ್ತೆ ಮತ್ತೆ ಗೆದ್ದಿತು. ಯುಸಿಎಲ್‌ಎಗೆ ವುಡನ್ ಹೋದ ಮೇಲೆ ಸಿಕ್ಕಿದ್ದು 1995ರ ಒಂದೇ ಒಂದು. ವುಡನ್ ಜಾಗಕ್ಕೆ ಬಂದ ಜೀನ್ ಬಾರ್ಟೋ ಎರಡು ವರ್ಷದಲ್ಲಿ 52 ಗೆದ್ದು 9 ಸೋತರು. ಅದೂ ಸಾಲಲಿಲ್ಲ. ಟೀಕೆ ಕೇಳಿ ಕೇಳಿ ಅವರು ಬಿಟ್ಟು ಹೋದರು. 1975ರಿಂದ 1988ರ ಒಳಗೆ ಐದು ಕೋಚ್‌ಗಳು ಬಂದು ಹೋದರು. 52-9 ತಂದವರನ್ನೇ ಸಹಿಸಿಕೊಳ್ಳದ ಕಡೆ ಹೊಸದು ಹೇಗೆ ಬೆಳೆಯುತ್ತದೆ ಹೇಳಿ.

ಅದೇ ಕೆಂಟಕಿ ಎಂಟು ಸಲ ಚಾಂಪಿಯನ್ ಆಗಿದ್ದು ಐದು ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ. ಕನ್ಸಾಸ್, ನಾರ್ತ್ ಕೆರೊಲಿನಾ ಕೂಡ ಮೂರು ಮೂರು ಕೋಚ್‌ಗಳ ಕೈಯಲ್ಲಿ ಗೆದ್ದಿವೆ. 1999ರ ಮುಂಚೆ ಒಮ್ಮೆಯೂ ಗೆಲ್ಲದ ಕನೆಕ್ಟಿಕಟ್ ಈಗ ಆರು ಸಲದ ಚಾಂಪಿಯನ್, ಅದೂ ಮೂವರು ಕೋಚ್‌ಗಳಿಂದ.

ದುಡ್ಡು, ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಏನೂ ಆಗಿಲ್ಲ ಅನ್ನಲ್ಲ. ನನ್ನ ಕಾಲದಲ್ಲಿ 12-20ರಲ್ಲಿ ಸೋತ ಹುಡುಗರೇ ಮರುವರ್ಷ 27 ಪಂದ್ಯ ಗೆದ್ದರು. ಈಗ ಅಂಥ ಹುಡುಗರು ಉಳಿಯುವುದು ಕಷ್ಟ. 2025ರಲ್ಲಿ ಡೇರಿಯನ್ ಡಿವ್ರೀಸ್ ಕೋಚ್ ಆಗಿ ಬಂದಾಗ ಹೆಚ್ಚುಕಡಿಮೆ ಇಡೀ ತಂಡವನ್ನೇ ಹೊಸದಾಗಿ ಕಟ್ಟಬೇಕಾಯಿತು. ಇದು ನನಗೆ ನಿಜವಾಗಿಯೂ ಬೇಜಾರಿನ ಸಂಗತಿ, ಹುಡುಗರ ಹೆಸರು ಕಲಿಯುವಷ್ಟರಲ್ಲಿ ಅವರು ಬೇರೆ ಕಾಲೇಜಿನಲ್ಲಿರುತ್ತಾರೆ. ಆದರೆ ಇದು ಎಲ್ಲ ತಂಡಗಳಿಗೂ ಬಂದ ಕಷ್ಟ.

ಹಾಗಾಗಿ ಸೀಸನ್ ಟಿಕೆಟ್ ತಗೊಳ್ಳಿ. ಟಿವಿಯಲ್ಲಿ ಕನೆಕ್ಟಿಕಟ್ ನೋಡುವುದಾದರೆ ಅದನ್ನೂ ನೋಡಿ, ಒಳ್ಳೆ ಆಟ ಆಡುತ್ತಾರೆ. ಹಾಲ್‌ನಲ್ಲಿ ಮಾತ್ರ ಈ ವರ್ಷದ ಹುಡುಗರನ್ನು ನೋಡಿ, ಬ್ಯಾನರ್ ಆಮೇಲೆ ನೋಡಬಹುದು. ಪಕ್ಕದಲ್ಲಿ ಕೂತವರು ನವೆಂಬರ್‌ನಲ್ಲೇ ಕೋಚ್ ಬದಲಾಯಿಸಿ ಅಂತ ಶುರುಮಾಡುತ್ತಾರೆ, ಅವರ ಜೊತೆ ಸೇರಬೇಡಿ. ಅದೇ ರಾಜ್ಯದ ಎದುರಾಳಿ ಪರ್ಡ್ಯೂ ಬಂದ ದಿನ ಬೇಗ ಹೋಗಿ ಜಾಗ ಹಿಡಿಯಿರಿ, ಆ ದಿನದ ಗದ್ದಲವೇ ಬೇರೆ.