ದಾವಣಗೆರೆಯ ಮನೆಯಲ್ಲಿ ಅಜ್ಜಿಯ ಕಾಲದ ಹೊಲಿಗೆ ಮಷಿನ್ ಇದೆ. ಅದನ್ನು ಮಾರಿ ಮೋಟಾರಿನದು ತಗೊಳ್ಳಬೇಕಾ?

ಬ್ಲೌಸ್, ದಿಂಬಿನ ಕವರ್, ಹರಿದ ಅಂಗಿಗೆ ಅಷ್ಟೇ ಅಂದರೆ ಮಾರಬೇಡಿ. ಕರೆಂಟ್ ಹೋದರೂ ಕಾಲಿನ ಮಷಿನ್ ನಿಲ್ಲುವುದಿಲ್ಲ, ಅಲ್ವಾ?

ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇದರಲ್ಲೂ ಇರುವುದು. ಸೂಜಿಯ ಕಣ್ಣು ತುದಿಯಲ್ಲಿರುತ್ತದೆ. ಮೇಲಿನ ದಾರ ಬಟ್ಟೆಯ ಅಡಿ ಕುಣಿಕೆಯಾಗುತ್ತದೆ, ಬಾಬಿನ್ನಿನ (ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆ) ದಾರ ಅದಕ್ಕೆ ಸಿಕ್ಕಿಕೊಂಡು ಹೊಲಿಗೆ ಬೀಳುತ್ತದೆ. ಐಸಾಕ್ ಸಿಂಗರ್ 1851ರಲ್ಲಿ ತನ್ನ ಮಷಿನ್‌ಗೆ ಪೇಟೆಂಟ್ ಪಡೆದ. ಆಮೇಲೆ ಅವನ ಕಂಪನಿ ಕಂತಿನ ಮೇಲೆ ಮಾರತೊಡಗಿತು. ಮನೆಗಳಿಗೆ ಮಷಿನ್ ಬರಲು ಆ ಕಂತೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ. ಈಗಿನ ಮೋಟಾರ್ ಮಷಿನ್ ಹಾಕುವುದೂ ಅದೇ ಹೊಲಿಗೆ.

ಮೊದಲು ಹಳೇ ಧೂಳು, ದಾರದ ಚೂರು ತೆಗೆದು ಮಷಿನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗುತ್ತದೆ. ಬೆಲ್ಟ್ ಸಡಿಲವಾಗಿದ್ದರೆ ಸ್ವಲ್ಪ ಕತ್ತರಿಸಿ ಕೊಕ್ಕೆ ಹಾಕಿ. ಸೂಜಿ ಹೊಸದಿರಲಿ: ತೆಳು ಬ್ಲೌಸ್ ಬಟ್ಟೆಗೆ 11ನೇ ನಂಬರ್, ಕಾಟನ್‌ಗೆ 14, ಜೀನ್ಸ್‌ಗೆ 16. ಬಟ್ಟೆಯ ಕೆಳಗೆ ದಾರ ಗಂಟುಗಂಟಾದರೆ ಸುಮ್ನೆ ಬಾಬಿನ್ ಬೈಯಬೇಡಿ, ಮೇಲಿನ ದಾರವನ್ನು ಮತ್ತೆ ಪೋಣಿಸಿ ನೋಡಿ. ಜಾಸ್ತಿ ಸಲ ತಪ್ಪು ಅಲ್ಲೇ ಇರುತ್ತದೆ.

ಸೀರೆಗೆ ಜಿಗ್‌ಜಾಗ್ ಮಾಡಬೇಕಿದ್ದರೆ ಮಾತ್ರ ಹೊಸದು ನೋಡಿ. ಬರೀ ವೇಗ ಸಾಕೆಂದರೆ ಹಳೇದಕ್ಕೇ ಮೋಟಾರ್ ಕೂರಿಸಬಹುದು.