ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀರಾ? ಮೊದಲು ಬ್ಯಾಗ್ ತೂಗಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಹಳೆಯವೇ. ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲಿ ವರ್ಷಗಟ್ಟಲೆ ನಿಂತು, ಈಗ ಪ್ರಯಾಣಿಕರಿಗೆ ಸಲಹೆ ಕೊಡುವ ಕೆಲಸ ನನ್ನದು. ಅಂದಿನಿಂದ ಇಂದಿನವರೆಗೂ ನೋಡುತ್ತಿರುವುದು ಒಂದೇ. ಟಿಕೆಟ್‌ನಲ್ಲಿ ಐನೂರು ರೂಪಾಯಿ ಉಳಿಸಲು ಜನ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂರುತ್ತಾರೆ. ಆಮೇಲೆ ಕೌಂಟರ್ ಮುಂದೆ ಐದು ನಿಮಿಷದಲ್ಲಿ ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಾರೆ. ಇದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗಿದೆ. ಪಾಸ್‌ಪೋರ್ಟ್ ಅವಧಿ, ವೀಸಾ ಇಂಥದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಷ್ಟನ್ನೂ ನೋಡಿಕೊಳ್ಳದೆ ಟಿಕೆಟ್ ತೆಗೆಯಲೇಬಾರದು.

ಮಗಳು ಡಲ್ಲಾಸ್‌ನಲ್ಲಿದ್ದಾಳೆ. ಬಾಣಂತನಕ್ಕೆ ನಾವಿಬ್ಬರೂ ಮೊದಲ ಸಲ ಹೋಗುತ್ತಿದ್ದೇವೆ. ಒಬ್ಬರಿಗೆ 23 ಕೆಜಿಯ ಎರಡು ಬ್ಯಾಗ್ ಇದೆ. ನೆಂಟರು ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾರೆ. ಖರ್ಚು ಹೆಚ್ಚಾಗದಂತೆ ಪ್ಯಾಕ್ ಮಾಡುವುದು ಹೇಗೆ? (ಹಾಸನದ ಓದುಗರು)

ಮೊದಲು ನೆಂಟರ ಪಟ್ಟಿ ಬದಿಗಿಡಿ. ಅವರು ಯಾರೂ ನಿಮ್ಮ ಮಗಳ ಅಡುಗೆಮನೆ ನೋಡಿದವರಲ್ಲ. ಮಗಳಿಗೆ ಫೋನ್ ಮಾಡಿ, "ಅಲ್ಲಿ ಸಿಗದೇ ಇರುವುದು ಏನು?" ಎಂದು ಕೇಳಿ. ಡಲ್ಲಾಸ್ ಸುತ್ತಮುತ್ತ ನಮ್ಮವರ ಅಂಗಡಿಗಳು ಬೇಕಾದಷ್ಟಿವೆ. ತೊಗರಿಬೇಳೆ, ಸೋನಾ ಮಸೂರಿ, ರಾಗಿ ಹಿಟ್ಟು, ಬೆಲ್ಲ, ಹುಣಸೆಹಣ್ಣು ಎಲ್ಲ ಸಿಗುತ್ತದೆ. ಬೆಲೆ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಬ್ಯಾಗ್‌ನ ಒಂದೊಂದು ಕಿಲೋಗೂ ಬೆಲೆ ಇದೆ. ಅದನ್ನು ಬೇಳೆಗೆ ಕೊಟ್ಟರೆ ನಿಮ್ಮ ಕೈಯ ಚಟ್ನಿಪುಡಿಗೆ ಜಾಗ ಇರುವುದಿಲ್ಲ. ಮನೆಯ ಸಾರಿನ ಪುಡಿ, ಅಂಟಿನುಂಡೆ, ಮಗುವಿಗೆ ಸುತ್ತಲು ಒಗೆದೊಗೆದು ಮೆತ್ತಗಾದ ಹತ್ತಿ ಪಂಚೆ, ಹಳೆಯ ಸೀರೆ ಇಂಥವನ್ನು ಒಯ್ಯಿರಿ. ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಾಣಂತಿ ಲೇಹ್ಯ ಒಯ್ಯುವುದಿದ್ದರೆ ಸೀಲ್, ಲೇಬಲ್ ಎರಡೂ ಇರುವ ಡಬ್ಬ ಒಯ್ಯಿರಿ. ಅಲ್ಲಿಯ ಡಾಕ್ಟರನ್ನು ಕೇಳದೆ ಅವಳಿಗೆ ಕೊಡಬೇಡಿ. ಲೇಬಲ್ ಇಲ್ಲದ ನಾಟಿ ಪುಡಿ, ಭಸ್ಮ ಕಟ್ಟಿಕೊಡುವವರನ್ನು ಮನೆಯೊಳಗೇ ಬಿಡಬೇಡಿ. ಅದರಲ್ಲಿ ಏನಿದೆ ಎಂದು ಕಟ್ಟಿಕೊಟ್ಟವರೇ ಹೇಳಲಾರರು. ಹಾಲೂಡಿಸುವ ತಾಯಿಯ ಹೊಟ್ಟೆಗೆ ಹೋಗುವ ವಸ್ತು ಅದು.

ಮಿಕ್ಸಿಯನ್ನಂತೂ ಒಯ್ಯಲೇಬೇಡಿ. ಪ್ರತಿ ಸಲ ಯಾರಾದರೂ ಒಬ್ಬರು ಇದನ್ನು ಕೇಳುತ್ತಾರೆ. ನಮ್ಮಲ್ಲಿ ಕರೆಂಟ್ 230 ವೋಲ್ಟ್, ಅಲ್ಲಿ 120. ಇಲ್ಲಿಯ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊಬೈಲ್ ಚಾರ್ಜರ್ ಮೇಲೆ 100–240 ಎಂದು ಬರೆದಿರುತ್ತದೆ. ಅದಕ್ಕೆ ಪ್ಲಗ್ ಅಡಾಪ್ಟರ್ ಇದ್ದರೆ ಸಾಕು.

ಈಗ ತೂಕದ ಮಾತು. ದೊಡ್ಡ ಗಟ್ಟಿ ಸೂಟ್‌ಕೇಸ್ ಖಾಲಿಯಿದ್ದಾಗಲೇ 4–5 ಕೆಜಿ ತೂಗುತ್ತದೆ. ನಾಲ್ಕು ಬ್ಯಾಗ್ ಅಂಥವೇ ಆದರೆ ಇಪ್ಪತ್ತು ಕಿಲೋವರೆಗೂ ಬರೀ ಪ್ಲಾಸ್ಟಿಕ್ಕನ್ನೇ ಹೊತ್ತ ಹಾಗಾಯಿತು. ಹಗುರವಾದ ಬಟ್ಟೆಯ ಬ್ಯಾಗ್ ತೆಗೆದುಕೊಳ್ಳಿ. ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದರೆ 158 ಸೆಂ.ಮೀ. ದಾಟಬಾರದು. ಕೊಕ್ಕೆಗೆ ನೇತುಹಾಕುವ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಕೊಳ್ಳಿ. ಬಚ್ಚಲುಮನೆಯ ಹಳೆಯ ತಕ್ಕಡಿ ನಂಬಬೇಡಿ. ಬ್ಯಾಗ್ ಒಂದಕ್ಕೆ 22 ಕೆಜಿ ಆದಾಗ ನಿಲ್ಲಿಸಿಬಿಡಿ.

ಒಂದರಲ್ಲಿ 26, ಇನ್ನೊಂದರಲ್ಲಿ 20, ಒಟ್ಟು 46 ಸರಿಯಾಯಿತಲ್ವಾ ಎಂದು ವಾದ ಮಾಡುವವರಿಗೆ ಲೆಕ್ಕವೇ ಇಲ್ಲ. ಸರಿಯಾಗಲಿಲ್ಲ. ಅಮೆರಿಕದ ಟಿಕೆಟ್‌ಗಳಲ್ಲಿ ತೂಕವನ್ನು ಬ್ಯಾಗ್ ಲೆಕ್ಕದಲ್ಲಿ ನೋಡುತ್ತಾರೆ. 26 ಕೆಜಿಯ ಬ್ಯಾಗ್ ಹೆಚ್ಚುವರಿ ತೂಕದ್ದು, ಅಷ್ಟೆ. ಹಲವು ಕಂಪನಿಗಳಲ್ಲಿ ಇದಕ್ಕೆ ನೂರು ಡಾಲರ್ ಆಸುಪಾಸು ಕಟ್ಟಬೇಕು. 32 ಕೆಜಿ ದಾಟಿದರೆ ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಕೌಂಟರ್‌ನಲ್ಲಿರುವ ಹುಡುಗಿಯ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಆ ನಿಯಮ ಮಾಡಿದ್ದು ಅವಳಲ್ಲ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ, ಗಮನವಿಟ್ಟು ಓದಿ. ಸ್ವಲ್ಪ ಅಗ್ಗ ಎಂದು ಬೆಂಗಳೂರಿನಿಂದ ದೆಹಲಿಗೆ ಒಂದು ಟಿಕೆಟ್, ದೆಹಲಿಯಿಂದ ಅಮೆರಿಕಕ್ಕೆ ಇನ್ನೊಂದು ಟಿಕೆಟ್ ಅಂತ ಬೇರೆ ಬೇರೆ ತೆಗೆಯಬೇಡಿ. ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ ಸಿಗುವುದು 15 ಕೆಜಿ. ನಿಮ್ಮ ಹತ್ತಿರ ತಲಾ 46 ಕೆಜಿ ಇರುತ್ತದೆ. ಉಳಿದ 31 ಕೆಜಿಗೆ ಕಿಲೋಗೆ ನೂರಾರು ರೂಪಾಯಿಯಂತೆ ಕಟ್ಟಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಟಿಕೆಟ್ ದುಡ್ಡೂ ಹೋಯಿತು. ಹೊರಡುವ ಊರಿನಿಂದ ಇಳಿಯುವ ಊರಿನವರೆಗೆ ಒಂದೇ ಟಿಕೆಟ್ ಇರಲಿ. ದೋಹಾ ಅಥವಾ ದುಬೈ ಮೇಲೆ ಡಲ್ಲಾಸ್‌ಗೆ ಒಂದೇ ಬದಲಾವಣೆಯಲ್ಲಿ ಹೋಗಬಹುದು. ಮೊದಲ ಸಲ ಹೋಗುವ ಹಿರಿಯರಿಗೆ ಅದೇ ಸುಲಭ. ಅಮೆರಿಕದೊಳಗೆ ವಿಮಾನ ಬದಲಿಸಬೇಕಾದರೆ ಮೊದಲು ಇಳಿದ ಊರಿನಲ್ಲೇ ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ಮುಗಿಸಿ, ಮತ್ತೆ ಕೊಡಬೇಕಾಗುತ್ತದೆ. ನಾಲ್ಕು ಬ್ಯಾಗ್ ಎಳೆದುಕೊಂಡು ಅದನ್ನು ಮಾಡುವ ಕಷ್ಟ ಊಹಿಸಿಕೊಳ್ಳಿ.

ತಿಂಡಿಯ ವಿಷಯಕ್ಕೆ ಬರುತ್ತೇನೆ. ಹಸಿ ಕರಿಬೇವು ಬೇಡ. ಆ ಗಿಡದ ಮೇಲೆ ಬದುಕುವ ಸಣ್ಣ ಕೀಟ ಕಿತ್ತಳೆ, ನಿಂಬೆ ಗಿಡಗಳಿಗೆ ರೋಗ ಹರಡುತ್ತದೆ. 2005ರಲ್ಲಿ ಫ್ಲೋರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿಯ ಕಿತ್ತಳೆ ಬೆಳೆಗಾರರನ್ನು ಮುಳುಗಿಸಿಬಿಟ್ಟಿದೆ. ಹಾಗಾಗಿ ಒಂದು ಎಸಳು ಕಂಡರೂ ಬಿಡುವುದಿಲ್ಲ. ಅಕ್ಕಿಯೂ ಬೇಡ. ಕಾಳು ತಿನ್ನುವ ಖಾಪ್ರಾ ಎಂಬ ದುಂಬಿಯ ಭಯಕ್ಕೆ ನಮ್ಮಂಥ ದೇಶಗಳಿಂದ ಬರುವವರು ಅಕ್ಕಿ ತರುವುದನ್ನೇ ಅಮೆರಿಕ ನಿಲ್ಲಿಸಿದೆ. ಹಸಿ ಹಣ್ಣು, ತರಕಾರಿ, ಮಾಂಸ ಸೇರಿದ ಯಾವ ತಿಂಡಿಯೂ ಬೇಡ. ಕೋಳಿ ಮಸಾಲೆಯ ನೂಡಲ್ಸ್ ಪೊಟ್ಟಣವೂ ಇದರಲ್ಲೇ ಬರುತ್ತದೆ.

ಕೊಬ್ಬರಿ ಗಿಟುಕು ಇಲ್ಲೇ ನಿಲ್ಲುತ್ತದೆ. ತಿಪಟೂರಿನದ್ದು ಎಂದು ಕೌಂಟರ್‌ನಲ್ಲಿ ಹೇಳಿಕೊಂಡರೂ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಹೆಚ್ಚು, ಬೆಂಕಿ ಹತ್ತುವ ವಸ್ತು ಎಂದು 2022ರಲ್ಲೇ ನಮ್ಮ ವಿಮಾನ ಭದ್ರತಾ ಇಲಾಖೆ ಅದನ್ನು ಚೆಕ್-ಇನ್ ಬ್ಯಾಗ್‌ನ ನಿಷೇಧದ ಪಟ್ಟಿಗೆ ಸೇರಿಸಿದೆ. ಉಂಡೆಯನ್ನು ಊರಲ್ಲೇ ಕಟ್ಟಿಕೊಂಡು ಹೋಗಿ. ಇಲ್ಲವೇ ಅಲ್ಲಿಯ ಅಂಗಡಿಯಿಂದ ಕೊಬ್ಬರಿ ತುರಿ ತರಿಸಿ.

ಚಟ್ನಿಪುಡಿ, ಸಾರಿನ ಪುಡಿ ಎಲ್ಲವೂ ಚೆಕ್-ಇನ್ ಬ್ಯಾಗ್‌ನಲ್ಲಿರಲಿ. ಕೈಚೀಲದಲ್ಲಿ 350 ಮಿ.ಲೀ.ಗಿಂತ ಹೆಚ್ಚು ಪುಡಿ ಇದ್ದರೆ ಅಮೆರಿಕದ ವಿಮಾನ ಹತ್ತುವಾಗ ತಡೆಯಬಹುದು. 2018ರಿಂದ ಈ ನಿಯಮವಿದೆ. ಉಪ್ಪಿನಕಾಯಿಯನ್ನೂ ಕೈಚೀಲದಲ್ಲಿ ಇಡಬೇಡಿ. ಅಲ್ಲಿ ಅದನ್ನು ದ್ರವ ಎಂದೇ ಲೆಕ್ಕ ಹಿಡಿಯುತ್ತಾರೆ, 100 ಮಿ.ಲೀ. ದಾಟಿದರೆ ಕಸದ ಬುಟ್ಟಿಗೆ. ಪ್ರತಿ ಪೊಟ್ಟಣದ ಮೇಲೆ ಒಳಗಿರುವುದು ಏನು ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಹೆಸರಿಲ್ಲದ ಕಂದು ಪುಡಿಯನ್ನು ಕಸ್ಟಮ್ಸ್‌ನವರು ಅನುಮಾನಪಡದೆ ಬಿಡುತ್ತಾರೆಯೇ?

ಇಳಿದ ಮೇಲೆ "ತಿನ್ನುವ ವಸ್ತು ಇದೆಯೇ?" ಎಂದು ಕೇಳುತ್ತಾರೆ. ಇದೆ ಎನ್ನಿ. ಇಲ್ಲ ಎಂದರೆ ಬೇಗ ಹೊರಗೆ ಹೋಗಬಹುದು ಎಂದು ಹೇಳಿಕೊಡುವ ಜಾಣರು ಎಲ್ಲ ಊರಲ್ಲೂ ಇದ್ದಾರೆ. ಅವರ ಮಾತು ಕೇಳಬೇಡಿ. ಹೇಳಿದರೆ, ನಿಷೇಧಿತ ವಸ್ತು ಇದ್ದರೂ ಅದನ್ನು ತೆಗೆದು ಎಸೆಯುತ್ತಾರೆ, ಅಷ್ಟೆ. ಬಚ್ಚಿಟ್ಟು ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ಸಾವಿರ ಡಾಲರ್‌ವರೆಗೂ ದಂಡ ಹಾಕಬಹುದು.

ಔಷಧಿ ಕೈಚೀಲದಲ್ಲೇ ಇರಲಿ, ಅಂಗಡಿಯ ಪೊಟ್ಟಣದಲ್ಲೇ ಇರಲಿ. ಜೊತೆಗೆ ಡಾಕ್ಟರ್ ಚೀಟಿ ಇರಲಿ, ಅದರಲ್ಲಿ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ. ಇನ್ಸುಲಿನ್ ಅನ್ನು ಚೆಕ್-ಇನ್ ಬ್ಯಾಗ್‌ಗೆ ಹಾಕಿದರೆ ಥಂಡಿಗೆ ಹೆಪ್ಪುಗಟ್ಟಿ ಹಾಳಾಗಬಹುದು. ಸಾಮಾನ್ಯವಾಗಿ 90 ದಿನಕ್ಕೆ ಆಗುವಷ್ಟು ಔಷಧಿ ಒಯ್ಯಬಹುದು. ಅದಕ್ಕಿಂತ ಹೆಚ್ಚು ದಿನ ಇರುವುದಿದ್ದರೆ ಉಳಿದದ್ದನ್ನು ಪಡೆಯುವ ದಾರಿ ಏನೆಂದು ಮಗಳು ಈಗಲೇ ಅಲ್ಲಿ ವಿಚಾರಿಸಲಿ.

ದುಡ್ಡು ನಿಜವಾಗಿ ಉಳಿಯುವ ಜಾಗ ಬೇರೆಯೇ ಇದೆ. ಹೊರಡುವ ತಿಂಗಳ ಮೊದಲೇ ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಅಲ್ಲಾಡುವ ಹಲ್ಲು, ಅರ್ಧಕ್ಕೆ ಬಿಟ್ಟ ರೂಟ್ ಕೆನಾಲ್ ಎಲ್ಲ ಇಲ್ಲೇ ಮುಗಿಸಿ. ಕನ್ನಡಕ ಇನ್ನೊಂದು ಜೊತೆ ಮಾಡಿಸಿಟ್ಟುಕೊಳ್ಳಿ. ಅಲ್ಲಿ ಇವೆರಡಕ್ಕೂ ಆಗುವ ಬಿಲ್ ನೋಡಿದರೆ ಎದೆ ಒಡೆಯುತ್ತದೆ. ಪ್ರಯಾಣದ ವಿಮೆಯಲ್ಲಿ ಮಾಮೂಲಿ ಹಲ್ಲಿನ ಚಿಕಿತ್ಸೆ ಬರುವುದಿಲ್ಲ.

ವಿಮೆಯಲ್ಲಿ ಮಾತ್ರ ದಯವಿಟ್ಟು ಜುಗ್ಗತನ ಮಾಡಬೇಡಿ. ಅಗ್ಗದ ಪಾಲಿಸಿಗಳು ಪ್ರತಿ ಚಿಕಿತ್ಸೆಗೂ ಇಷ್ಟೇ ಎಂದು ಮಿತಿ ಇಟ್ಟಿರುತ್ತವೆ. ಅಲ್ಲಿಯ ಆಸ್ಪತ್ರೆ ಬಿಲ್ ಮುಂದೆ ಆ ಮೊತ್ತ ಏನೂ ಅಲ್ಲ. ವಿಮೆಯವರಿಗೆ ಎರಡು ಪ್ರಶ್ನೆ ಕೇಳಿ. ಮೊದಲೇ ಇರುವ ಬಿ.ಪಿ., ಸಕ್ಕರೆ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿದರೆ ಎಷ್ಟು ಕೊಡುತ್ತೀರಿ? ನಮ್ಮ ವಯಸ್ಸಿನವರಿಗೆ ಚಿಕಿತ್ಸೆಗೊಂದು ಮಿತಿ ಇದೆಯೇ? ಉತ್ತರ ಕಾಗದದ ಮೇಲೆ ಬರಲಿ. "ಎಲ್ಲ ಕವರ್ ಆಗುತ್ತೆ ಸಾರ್" ಎಂಬ ಬಾಯಿಮಾತಿಗೆ ಕಾಸಿನ ಬೆಲೆಯಿಲ್ಲ.

ಬಟ್ಟೆಯನ್ನು ನಾಲ್ಕೂ ಬ್ಯಾಗ್‌ಗಳಲ್ಲಿ ಬೆರೆಸಿ ಇಡಿ. ಒಬ್ಬರದೆಲ್ಲ ಒಂದರಲ್ಲಿ, ಇನ್ನೊಬ್ಬರದೆಲ್ಲ ಮತ್ತೊಂದರಲ್ಲಿ ಬೇಡ. ಒಂದು ಬ್ಯಾಗ್ ತಡವಾದರೂ ಇಬ್ಬರಿಗೂ ಉಡಲು ಏನಾದರೂ ಇರುತ್ತದೆ. ಎರಡು ದಿನದ ಬಟ್ಟೆ ಕೈಚೀಲದಲ್ಲಿರಲಿ. ಬೆಂಗಳೂರಿನಲ್ಲಿ ದಪ್ಪ ಉಣ್ಣೆ ಕೋಟು ಕೊಳ್ಳಬೇಡಿ. ಅಲ್ಲಿ ಮನೆಯೊಳಗೆ ಬೆಚ್ಚಗಿರುತ್ತದೆ, ಹೊರಗೆ ಹೋಗಲು ಮಗಳ ಮನೆಯಲ್ಲೇ ಒಂದು ಕೋಟು ಇರುತ್ತದೆ. ಒಳಗೆ ತೊಡುವ ತೆಳು ಥರ್ಮಲ್ ಸಾಕು. ಭಾರಿ ರೇಷ್ಮೆ ಸೀರೆ ಒಂದಕ್ಕಿಂತ ಹೆಚ್ಚು ಬೇಡ, ಒಡವೆ ಮೈಮೇಲಿರುವಷ್ಟೇ ಇರಲಿ. ನಡೆಯಲು ಕಷ್ಟವಿದ್ದರೆ ಗಾಲಿಕುರ್ಚಿಯನ್ನು ಟಿಕೆಟ್ ಜೊತೆಗೇ ಕೇಳಿ. ಆರೋಗ್ಯವಾಗಿರುವವರು ದಾರಿ ತೋರಿಸಲಿಕ್ಕೆ ಎಂದು ಅದನ್ನು ಕೇಳುವುದು ತಪ್ಪು. ನಿಜವಾಗಿ ಮಂಡಿನೋವಿರುವ ಅಜ್ಜಿ ಆ ಹೊತ್ತಿಗೆ ಸಾಲಿನಲ್ಲಿ ಕಾಯುತ್ತಾ ಕೂತಿರುತ್ತಾರೆ.

ಮಂಗಳವಾರ ಮಧ್ಯರಾತ್ರಿ, ಬ್ರೌಸರ್‌ನ ಗುಪ್ತ ಕಿಟಕಿಯಲ್ಲಿ (ಇನ್‌ಕಾಗ್ನಿಟೋ) ನೋಡಿದರೆ ಟಿಕೆಟ್ ಅಗ್ಗವಂತೆ, ಹೌದೇ?

ಅಲ್ಲ. ವಿಮಾನದ ಸೀಟುಗಳನ್ನು ಬೇರೆ ಬೇರೆ ದರದ ಗುಂಪುಗಳಾಗಿ ಮಾರುತ್ತಾರೆ. ಕಡಿಮೆ ದರದ ಸೀಟು ಮುಗಿದರೆ ಮುಂದಿನ ದರ. ನಿಮ್ಮ ಬ್ರೌಸರ್‌ಗೂ ಅದಕ್ಕೂ ಸಂಬಂಧವಿಲ್ಲ. ಉಪಯೋಗಕ್ಕೆ ಬರುವ ಉಪಾಯ ಒಂದಿದೆ. ನಾಲ್ವರಿಗೆ ಒಟ್ಟಿಗೆ ಹುಡುಕಿದಾಗ ಅಗ್ಗದ ಸೀಟು ಎರಡೇ ಉಳಿದಿದ್ದರೆ ನಾಲ್ವರಿಗೂ ದುಬಾರಿ ದರವೇ ಕಾಣಿಸಬಹುದು. ಮೊದಲು ಒಬ್ಬರಿಗೆ ಹುಡುಕಿ ನೋಡಿ. ದರ ಕಡಿಮೆ ಇದ್ದರೆ ಎರಡೆರಡಾಗಿ ತೆಗೆಯಿರಿ. ಚಿಕ್ಕ ಮಕ್ಕಳು ಮಾತ್ರ ದೊಡ್ಡವರ ಟಿಕೆಟ್‌ನಲ್ಲೇ ಇರಲಿ.

ವ್ಯಾಕ್ಯೂಮ್ ಬ್ಯಾಗ್‌ನಲ್ಲಿ ಹಾಕಿದರೆ ತೂಕ ಕಡಿಮೆಯಾಗುತ್ತದೆಯೇ?

ಗಾಳಿ ಹೋಗುತ್ತದೆ, ತೂಕ ಹೋಗುವುದಿಲ್ಲ. ಜಾಗ ಉಳಿಯಿತೆಂದು ಇನ್ನಷ್ಟು ತುಂಬುತ್ತೀರಿ, ಆಗ ತೂಕ ಏರುತ್ತದೆ.

ವಿದೇಶದಲ್ಲಿ ಕಾರ್ಡ್ ಉಜ್ಜುವಾಗ ರೂಪಾಯಿಯಲ್ಲಿ ಕೊಡುತ್ತೀರಾ ಎಂದು ಕೇಳುತ್ತಾರೆ. ಏನು ಹೇಳಬೇಕು?

ಬೇಡ ಎನ್ನಿ. ಆ ದೇಶದ ಹಣದಲ್ಲೇ ಕೊಡಿ. ರೂಪಾಯಿ ಒಪ್ಪಿಕೊಂಡರೆ ಮಷಿನ್‌ನವರು ತಮಗೆ ಬೇಕಾದ ದರ ಹಾಕುತ್ತಾರೆ. ಕೆಲವು ಬ್ಯಾಂಕ್‌ಗಳು ಅದರ ಮೇಲೂ ಶುಲ್ಕ ಹಿಡಿಯುತ್ತವೆ.

ಪವರ್ ಬ್ಯಾಂಕ್ ಸೂಟ್‌ಕೇಸ್‌ನಲ್ಲಿ ಇಡಬಹುದೇ?

ಯಾವ ಕಾರಣಕ್ಕೂ ಇಡಬೇಡಿ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ವಿಮಾನದ ಹೊಟ್ಟೆಯಲ್ಲಿ ಆರಿಸಲು ಯಾರೂ ಇರುವುದಿಲ್ಲ. ಕೈಚೀಲದಲ್ಲಿ 100 ವ್ಯಾಟ್-ಅವರ್‌ವರೆಗೆ ಒಯ್ಯಬಹುದು. 20,000 ಎಂಎಎಚ್‌ನದ್ದು ಸುಮಾರು 74. ಅಂಕಿ ಅಳಿಸಿಹೋದ ಹಳೆಯದನ್ನು ಮನೆಯಲ್ಲೇ ಬಿಡಿ.

ಏಜೆಂಟ್ ಒಬ್ಬರು ರೈಲಿನ ತತ್ಕಾಲ್ ಟಿಕೆಟ್ ಗ್ಯಾರಂಟಿ ಎಂದು ಐನೂರು ಹೆಚ್ಚು ಕೇಳುತ್ತಿದ್ದಾರೆ. ಕೊಡಬಹುದೇ?

ಕೊಡಬೇಡಿ. 2025ರ ಜುಲೈನಿಂದ ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಅಧಿಕೃತ ಏಜೆಂಟ್‌ಗಳಿಗೇ ಅವಕಾಶವಿಲ್ಲ. ಅಷ್ಟರಲ್ಲಿ ಸೀಟು ಖಾಲಿ. ಗ್ಯಾರಂಟಿ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಬೇರೆಯವರ ಖಾತೆಯಿಂದ ಕಳ್ಳದಾರಿಯಲ್ಲಿ ತೆಗೆಯುತ್ತಿದ್ದಾರೆ. ಸಿಕ್ಕಿಬಿದ್ದರೆ ಟಿಕೆಟ್ ರದ್ದಾಗಿ ಪ್ಲಾಟ್‌ಫಾರಂನಲ್ಲಿ ನಿಲ್ಲುವವರು ನೀವು. ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಹಬ್ಬಕ್ಕೆ ಊರಿಗೆ ಹೋಗುವುದು ಆಗಲೇ ಗೊತ್ತಿರುತ್ತದೆ ಅಲ್ವಾ?

ದುಬೈಗೆ ಹೊರಟಿದ್ದೇನೆ. ಪಕ್ಕದ ಮನೆಯವರು ಮಗನಿಗೆ ಒಂದು ಸಣ್ಣ ಪಾರ್ಸೆಲ್ ಕೊಟ್ಟಿದ್ದಾರೆ. ಬೇಡ ಎನ್ನಲು ಮುಜುಗರ.

ಮುಜುಗರವಾದರೂ ಬೇಡ ಎನ್ನಿ. ನಿಮ್ಮ ಬ್ಯಾಗ್‌ನಲ್ಲಿ ಇರುವುದೆಲ್ಲ ಕಾನೂನಿನ ಕಣ್ಣಿಗೆ ನಿಮ್ಮದೇ. ಅವರು ಕೆಟ್ಟವರಾಗಿರಬೇಕಿಲ್ಲ. ಪಾಯಸಕ್ಕೆಂದು ಕಟ್ಟಿಕೊಟ್ಟ ಗಸಗಸೆ ಯುಎಇಯಲ್ಲೂ ಸಿಂಗಾಪುರದಲ್ಲೂ ನಿಷೇಧಿತ ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಅದಕ್ಕಾಗಿ ಜೈಲು ಸೇರಿದವರಿದ್ದಾರೆ. ನಮ್ಮಲ್ಲಿ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಕೆಲವು ನೋವಿನ ಮಾತ್ರೆಗಳಿಗೂ ಅಲ್ಲಿ ಮೊದಲೇ ಅನುಮತಿ ಬೇಕು. ಒಯ್ಯಲೇಬೇಕಾದರೆ ಕಟ್ಟು ಬಿಚ್ಚಿ, ಒಂದೊಂದನ್ನೂ ನೋಡಿ, ನಿಮ್ಮ ಕೈಯಾರೆ ಮತ್ತೆ ಕಟ್ಟಿ. ಬಿಚ್ಚಬಾರದು ಎಂದರೆ ವಾಪಸ್ ಕೊಟ್ಟುಬಿಡಿ. ಅವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.