ಮುನ್ನೂರು ಹಾಳೆ ಬಟ್ಟಲು, ಒಬ್ಬರೇ ಅಜ್ಜಿ

ಪ್ರಶ್ನೆ: ನನ್ನದು ಸೊರಬ ತಾಲ್ಲೂಕಿನ ಒಂದು ಹಳ್ಳಿ. ಕೆಲಸ ಬೆಂಗಳೂರಲ್ಲಿ. ಮೇ ಕೊನೆಯ ವಾರ ಊರಿನ ಮನೆಯಂಗಳದ ಚಪ್ಪರದಲ್ಲೇ ನನ್ನ ಮದುವೆ. ಬಂದವರಿಗೆ ಸ್ವಾಗತದ ಉಡುಗೊರೆಯನ್ನು ಕೈಯಲ್ಲೇ ಮಾಡಿ ಕೊಡಬೇಕು ಅಂತ ಆಸೆ. ಅಡಿಕೆ ಹಾಳೆಯ ಬಟ್ಟಲಿಗೆ ಹಸೆ ಚಿತ್ತಾರ ಬರೆದು, ಒಳಗೆ ಬೆಲ್ಲ, ಹಲಸಿನ ಹಪ್ಪಳ, ಒಣಗಿದ ಸುರಗಿ ಹೂವಿನ ದಂಡೆ ಇಡೋದು. ಹಸೆ ಬರೆಯೋದು ನಮ್ಮ ಅಜ್ಜಿ. ಫ್ಯಾಮಿಲಿ ಗ್ರೂಪಲ್ಲಿ ಫೋಟೊ ಹಾಕಿದ್ದೇ ತಡ, ಎಲ್ಲರೂ ಹೊಗಳಿದರು. ದಾವಣಗೆರೆಯ ನನ್ನ ಭಾವಿ ಅತ್ತೆ ‘ನಮ್ಮ ಕಡೆಯವರಿಗೂ ಒಂದು ಮುನ್ನೂರು ಬೇಕಮ್ಮ’ ಅಂದರು. ಹೂಂ ಅಂದುಬಿಟ್ಟೆ. ಅಮ್ಮನಿಗೆ ಇದು ಇಷ್ಟವಿಲ್ಲ. ‘ಹಾಳೆ ಕೊಟ್ಟರೆ ಜನ ಏನಂತಾರೆ, ಸ್ಟೀಲ್ ಡಬ್ಬಿ ಕೊಡೋಣ’ ಅಂತಾರೆ. ಸರಿಯಾಗಿ ಮಾತೂ ಆಡುತ್ತಿಲ್ಲ. ಕಳೆದ ಶನಿವಾರ ರಾತ್ರಿ ಎದ್ದು ನೋಡಿದರೆ ಅಜ್ಜಿ ಒಬ್ಬರೇ ಅಡುಗೆಮನೆಯಲ್ಲಿ ಕೂತು ಬಟ್ಟಲಿಗೆ ಬರೆಯುತ್ತಿದ್ದರು. ಬೆರಳು ಬಾತಿತ್ತು. ಸಾಕು ಬಿಡು ಅಂದರೆ ‘ನಿನ್ನ ಮಾತು ಉಳೀಬೇಕಲ್ಲ’ ಅಂದರು. ಇನ್ನು ಏಳು ವಾರ ಇದೆ. ಆಗಿರೋದು ಅರವತ್ತು. ನಿಲ್ಲಿಸಿದರೆ ಅಜ್ಜಿಗೆ ಬೇಜಾರು, ಮುಂದುವರಿಸಿದರೆ ಅಜ್ಜಿಗೆ ನೋವು. ಏನು ಮಾಡಲಿ?

ಉತ್ತರ: ಮೊದಲು ಅಜ್ಜಿ ವಿಷಯ. ಮಿಕ್ಕಿದ್ದೆಲ್ಲ ಆಮೇಲೆ.

ಬೆರಳು ಬಾತಿದೆ ಅಂದ ಮೇಲೆ ಈ ವಾರವೇ ಡಾಕ್ಟರಿಗೆ ತೋರಿಸಲು ಮನೆಯಲ್ಲಿ ಹೇಳಿ. ನೀವು ಶನಿವಾರ ಬರುವ ತನಕ ಕಾಯುವುದು ಬೇಡ. ಬಟ್ಟಲಿನ ಕೆಲಸ ಇವತ್ತೇ ನಿಲ್ಲಲಿ. ಆದರೆ ‘ಅಜ್ಜಿ, ನಿನ್ನ ಕೈಲಿ ಆಗಲ್ಲ, ಬಿಡು’ ಅನ್ನಬೇಡಿ. ನೀವು ಕರುಣೆಯಿಂದಲೇ ಹೇಳಿರುತ್ತೀರಿ. ಅವರಿಗೆ ಮಾತ್ರ ತಮ್ಮ ಕೈಯ ಕಾಲ ಮುಗಿಯಿತು ಅಂತ ಕೇಳಿಸುತ್ತದೆ. ನಮ್ಮ ಕಡೆಯ ಹಿರಿಯ ಹೆಂಗಸರು ಕೆಲಸ ಕೈಬಿಡುವುದನ್ನು ಸುಲಭಕ್ಕೆ ಒಪ್ಪುವವರಲ್ಲ. ನೀವು ಬೆಂಗಳೂರಿನ ಬಸ್ಸು ಹತ್ತಿದ ಮೇಲೆ ಮತ್ತೆ ಕುಂಚ ಹಿಡಿದು ಕೂರುತ್ತಾರೆ.

ಅವರಿಗೆ ಇದಕ್ಕಿಂತ ದೊಡ್ಡ ಕೆಲಸ ಕೊಡಿ. ಮದುವೆಯ ಹಸೆ ಗೋಡೆ ಯಾರು ಬರೆಯುತ್ತಾರೆ ಅಂತ ನೀವು ಬರೆದೇ ಇಲ್ಲ. ಸೊರಬ, ಸಾಗರದ ಕಡೆ ಹಸೆ ಹುಟ್ಟಿದ್ದೇ ಮದುವೆ ಮನೆಯ ಗೋಡೆಯ ಮೇಲೆ ಅಲ್ವಾ? ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುಮಕ್ಕಳು ಕೂರುವುದೇ ಅದರ ಮುಂದೆ. ಅಜ್ಜಿ ಬರೆದ ಹಸೆಯ ಮುಂದೆ ಮೊಮ್ಮಗಳು ಕೂರುವುದು ಅವರಿಗೂ ನಿಮಗೂ ಎಷ್ಟು ದೊಡ್ಡ ವಿಷಯ, ಯೋಚಿಸಿ.

ಕೈಗೂ ಅದೇ ಹಗುರ. ಗೋಡೆಗೆ ಬರೆಯುವಾಗ ಇಡೀ ತೋಳು ಆಡುತ್ತದೆ. ಬಟ್ಟಲಲ್ಲಿ ಹಾಗಲ್ಲ. ಅಂಚು ಬಾಗಿರುತ್ತದೆ, ಹಾಳೆಯ ಮೇಲೆ ಉದ್ದುದ್ದ ಗೆರೆಗಳಿರುತ್ತವೆ, ನಾರಿನ ತುದಿ ಆ ಗೆರೆಗೆ ಸಿಕ್ಕಿ ಜಾರುತ್ತದೆ. ಜಾರಬಾರದು ಅಂತ ಎಡಗೈಯಲ್ಲಿ ಬಟ್ಟಲನ್ನು ಗಟ್ಟಿ ಅದುಮಿ ಹಿಡಿದು, ಬಲಗೈಯ ಮೂರು ಬೆರಳಲ್ಲೇ ಎಳೆ ಎಳೆಯಬೇಕು. ಎಳೆಯ ಕೈಯೂ ನಾಲ್ಕು ಬಟ್ಟಲಿಗೆ ಸೋತೀತು. ನೀವೇ ಒಂದನ್ನು ಬರೆದು ನೋಡಿ, ಗೊತ್ತಾಗುತ್ತದೆ.

ಹಾಗಾಗಿ ಅಜ್ಜಿಗೆ ಹೀಗೆ ಹೇಳಿ: ‘ಬಟ್ಟಲು ನಾನು ನೋಡ್ಕೋತೀನಿ. ನನಗೆ ನಿನ್ನ ಹಸೆ ಗೋಡೆ ಬೇಕು. ಮುಖ್ಯ ಎಳೆ ನೀನು ಬರಿ, ತುಂಬೋದು ನಾನು ಮಾಡ್ತೀನಿ, ಕಲಿಸು.’ ಡಾಕ್ಟರ್ ಅದೂ ಬೇಡ ಅಂದರೆ ಅಜ್ಜಿ ಕುರ್ಚಿಯಲ್ಲಿ ಕೂತು ಹೇಳಲಿ, ನೀವು ಬರೆಯಿರಿ. ಗೆರೆ ಸೊಟ್ಟಗಾದರೆ ಬೈಸಿಕೊಳ್ಳಿ.

ಇನ್ನು ನಿಮ್ಮ ಅಮ್ಮ. ಅವರ ಸ್ಟೀಲ್ ಡಬ್ಬಿಯ ಬಗ್ಗೆ ನಿಮ್ಮ ಕಾಗದದಲ್ಲಿ ಸ್ವಲ್ಪ ಅಸಡ್ಡೆ ಕಾಣುತ್ತಿದೆ. ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಇಷ್ಟು ವರ್ಷ ಊರಿನ ಎಷ್ಟು ಮದುವೆಗೆ ಅವರು ಹೋಗಿದ್ದಾರೆ, ಎಷ್ಟು ಮನೆಯ ಡಬ್ಬಿ, ತಟ್ಟೆ, ಬಟ್ಟಲು ನಿಮ್ಮ ಅಡುಗೆಮನೆಯ ನಾಗಂದಿಗೆಯ ಮೇಲಿವೆ, ಒಮ್ಮೆ ಎಣಿಸಿ ನೋಡಿ. ಯಾವುದು ಯಾರ ಮನೆಯದು ಅಂತ ಅವರಿಗೆ ಬಾಯಿಪಾಠ ಇರುತ್ತದೆ. ಇಸಿದುಕೊಂಡಿದ್ದಕ್ಕೆ ತಿರುಗಿ ಕೊಡುವ ಕಾಲ ಈಗ ಬಂದಿದೆ. ‘ಜನ ಏನಂತಾರೆ’ ಅನ್ನುವಾಗ ಅವರ ತಲೆಯಲ್ಲಿರುವ ಜನ ನಾಳೆಯೂ ಅದೇ ಕೇರಿಯಲ್ಲಿ ಎದುರಾಗುವವರು. ನೀವು ಮದುವೆಯಾಗಿ ಹೊರಡುತ್ತೀರಿ, ಅವರು ಅಲ್ಲೇ ಇರಬೇಕು. ಊಟ ಮುಗಿಸಿ ಹೊರಡುವವರಿಗೆ ತೆಂಗಿನಕಾಯಿ, ಎಲೆಅಡಿಕೆಯ ತಾಂಬೂಲದ ಚೀಲ ಹೇಗೂ ಕೊಡುತ್ತೀರಿ. ಡಬ್ಬಿಯೂ ಅದರೊಳಗೇ ಹೋಗಲಿ. ಆ ಭಾಗ ಪೂರ್ತಿ ಅಮ್ಮನದು. ಯಾವ ಅಂಗಡಿ, ಯಾವ ಅಳತೆ ಎಂಬ ಮಾತಿಗೂ ನೀವು ಬಾಯಿ ಹಾಕಬೇಡಿ.

ಹಾಗಾದರೆ ಕೈಯಲ್ಲಿ ಮಾಡಿದ್ದು ಯಾರಿಗೆ? ಇಲ್ಲೇ ಲೆಕ್ಕ ತಪ್ಪಿದೆ ಅನ್ನಿಸುತ್ತದೆ. ಸ್ವಾಗತದ ಉಡುಗೊರೆ ಅಂತ ಹೊರಟಿರಿ, ಆಮೇಲೆ ಅದು ಬಂದವರಿಗೆಲ್ಲ ಹಂಚುವ ಉಡುಗೊರೆಯಾಯಿತು. ಅವೆರಡೂ ಬೇರೆ. ಪಕ್ಕದ ಮನೆಯವರನ್ನು, ಬೆಳಗ್ಗೆಯಿಂದ ನಿಮ್ಮನೆಯಲ್ಲೇ ಕಾಯಿ ತುರಿಯುತ್ತಿರುವವರನ್ನು ನೀವು ಸ್ವಾಗತಿಸುವುದೇನು? ಸ್ವಾಗತ ಬೇಕಾದ್ದು ದೂರದಿಂದ ಬಂದು ರಾತ್ರಿ ಉಳಿಯುವವರಿಗೆ. ತಾಳಗುಪ್ಪದ ರಾತ್ರಿ ರೈಲಿನಲ್ಲಿ ಬಂದು ಬೆಳಗ್ಗೆ ಸಾಗರದಲ್ಲಿ ಇಳಿದು, ಅಲ್ಲಿಂದ ತಿರುವಿನ ರಸ್ತೆಯಲ್ಲಿ ಬಂದು, ಯಾರದೋ ಮನೆಯ ಮಹಡಿಯಲ್ಲಿ ಬ್ಯಾಗ್ ಇಟ್ಟು ಕೂರುವ ನಿಮ್ಮ ಆಫೀಸಿನ ಗೆಳತಿ ಇದ್ದಾಳಲ್ಲ, ಅವಳಿಗೆ. ಮುಂಬೈಯ ಸೋದರತ್ತೆಗೆ. ಮದುವೆ ಗಂಡಿನ ಜೊತೆ ಹಿಂದಿನ ದಿನವೇ ಬಂದು ಉಳಿಯುವ ಹತ್ತಿರದವರಿಗೆ. ಒಂದು ಚೀಟಿಯಲ್ಲಿ ಇವರ ಹೆಸರು ಮಾತ್ರ ಬರೆಯಿರಿ. ತಲೆಗೊಂದು ಬೇಡ, ಮನೆಗೊಂದು ಸಾಕು. ಆಗಿರುವ ಅರವತ್ತರಲ್ಲೇ ಎಲ್ಲ ಮುಗಿದು ನಾಲ್ಕು ಉಳಿದರೂ ಉಳಿಯಬಹುದು.

ದಾವಣಗೆರೆಗೆ ನೀವೇ ಫೋನ್ ಮಾಡಿ. ಹುಡುಗನ ಬಾಯಲ್ಲಿ ಹೇಳಿಸಬೇಡಿ, ನೀವೇ ಹೂಂ ಅಂದಿದ್ದು. ಆದರೆ ಮೊದಲು ಅವನಿಗೆ ವಿಷಯ ತಿಳಿಸಿ, ಅವರಮ್ಮ ಆಮೇಲೆ ಅವನನ್ನು ಕೇಳಿದಾಗ ಅವನು ತಬ್ಬಿಬ್ಬಾಗಬಾರದು. ಮಾತು ಸುತ್ತಿ ಬಳಸುವುದು ಬೇಡ: ‘ಅತ್ತೆ, ಅವತ್ತು ಖುಷಿಗೆ ಹೂಂ ಅಂದುಬಿಟ್ಟೆ. ಅದನ್ನೆಲ್ಲ ಅಜ್ಜಿ ಒಬ್ಬರೇ ಬರೀತಿದ್ದಾರೆ, ಬೆರಳು ಬಾತಿದೆ. ಮುನ್ನೂರು ಆಗಲ್ಲ ಅತ್ತೆ. ಉಳಿಯೋರ ಮನೆಗೊಂದು ಖಂಡಿತ ಕೊಡ್ತೀವಿ. ಯಾರ್ಯಾರು ಅಂತ ನೀವೇ ಹೇಳಿ, ಹೆಸರು ಬರ್ಕೋತೀನಿ.’ ಅಜ್ಜಿಯ ಕೈನೋವು ಕೇಳಿದ ಮೇಲೂ ಮುನ್ನೂರು ಬೇಕೇ ಬೇಕು ಅನ್ನುವ ಹೆಂಗಸು ಕಡಿಮೆ. ಬಹುಶಃ ಹಸೆ ಬರೆದ ಬಟ್ಟಲೂ ಪೇಟೆಯಲ್ಲಿ ಸಿಗುವಂಥದ್ದು ಅಂದುಕೊಂಡೇ ಅವರು ಆ ಲೆಕ್ಕ ಹೇಳಿರುತ್ತಾರೆ. ಹೆಸರು ಆರಿಸುವ ಕೆಲಸ ಅವರಿಗೆ ಕೊಟ್ಟರೆ ಅವರ ಮರ್ಯಾದೆಯೂ ಉಳಿಯುತ್ತದೆ.

ಇಡೀ ದಿಬ್ಬಣಕ್ಕೆ ಏನಾದರೂ ಕೈಯಾರೆ ಮಾಡಿದ್ದು ಕೊಡಲೇಬೇಕು ಅನ್ನಿಸಿದರೆ, ಚಪ್ಪರದ ಬಾಗಿಲಲ್ಲಿ ಮುರುಗಲು (ಕೋಕಂ) ಪಾನಕ ಕೊಡಿ. ಮೇ ತಿಂಗಳ ಸೆಕೆಯಲ್ಲಿ ಬಸ್ಸಿಳಿದವರಿಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಒಣಸಿಪ್ಪೆಯನ್ನು ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿ, ಬೆಲ್ಲ, ಏಲಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿದರೆ ಆಯಿತು. ತಾಮ್ರ, ಹಿತ್ತಾಳೆಯ ಹಂಡೆಯಲ್ಲಿ ಮಾತ್ರ ಮಾಡಬೇಡಿ, ಹುಳಿ ಕಚ್ಚುತ್ತದೆ. ದಾವಣಗೆರೆಯ ಕಡೆಯವರಲ್ಲಿ ತುಂಬ ಜನ ಇದನ್ನು ಕುಡಿದೇ ಇರುವುದಿಲ್ಲ. ಬಂದವರಿಗೆ ಬೆಲ್ಲ ನೀರು ಕೊಟ್ಟು ಮಾತಾಡಿಸುವುದು ಮಲೆನಾಡಿನ ಹಳೆಯ ರೂಢಿ. ನೀವು ಹುಡುಕುತ್ತಿದ್ದ ಸ್ವಾಗತ ಇದೇ ಇರಬಹುದು.

ಅಜ್ಜಿಯ ಒಂದು ಹಸೆಯ ಫೋಟೊ ಚೆನ್ನಾಗಿ ತೆಗೆಸಿ, ಶಿವಮೊಗ್ಗದಲ್ಲೋ ಸಾಗರದಲ್ಲೋ ಸಣ್ಣ ಕಾರ್ಡಾಗಿ ಪ್ರಿಂಟ್ ಹಾಕಿಸಿ. ಹಿಂದೆ ಅವರ ಹೆಸರು ಇರಲಿ, ದೊಡ್ಡ ಅಕ್ಷರದಲ್ಲೇ. ಅದನ್ನು ಅಮ್ಮನ ತಾಂಬೂಲದ ಚೀಲದೊಳಗೂ ಒಂದೊಂದು ಇಡಬಹುದು. ಪ್ರಿಂಟ್ ಹಾಕಿಸಿದರೆ ಕೈಕೆಲಸ ಆಗಲ್ಲ ಅಂತ ಯಾರಾದರೂ ಅಂದರೆ ಅನ್ನಲಿ ಬಿಡಿ. ಒಮ್ಮೆ ಬರೆದದ್ದು ಊರಿಗೆಲ್ಲ ತಲುಪುತ್ತದೆ, ಬೆರಳೂ ಉಳಿಯುತ್ತದೆ.

ಆಗಿರುವ ಬಟ್ಟಲುಗಳ ಬಗ್ಗೆ ಎರಡು ಎಚ್ಚರಿಕೆ. ಮೇ ಕೊನೆ ಅಂದರೆ ನಮ್ಮಲ್ಲಿ ಮಳೆಯ ಹೊಸಿಲು. ಅಡ್ಡಮಳೆ ನಾಲ್ಕು ದಿನ ಹಿಡಿದರೆ ಹಾಳೆಗೆ ಬೂಷ್ಟು ಬರುತ್ತದೆ. ಅಕ್ಕಿ ಹಿಟ್ಟಿನಲ್ಲಿ ಬರೆದಿದ್ದರೆ ಇರುವೆ, ಜಿರಳೆಯೂ ಹುಡುಕಿಕೊಂಡು ಬರುತ್ತವೆ. ಚೆನ್ನಾಗಿ ಬಿಸಿಲು ಕಾಣಿಸಿ, ಆರಿದ ಮೇಲೆ ಗಾಳಿಯಾಡದ ಡ್ರಮ್ಮಿನಲ್ಲಿ ಹಾಕಿಡಿ. ಅಟ್ಟದ ಮೇಲೆ ಸುಮ್ನೆ ಒಟ್ಟಬೇಡಿ. ಅಂಗಡಿಯ ಬಣ್ಣ ಬಳಸಿದ್ದರೆ ಬರೆದ ಮೈಗೆ ತಿನ್ನುವ ವಸ್ತು ತಾಗಬಾರದು. ಬಟ್ಟಲಿನ ಹೊರಮೈ ಮಾತ್ರ ಬರೆದಿದ್ದರೆ ತೊಂದರೆಯಿಲ್ಲ. ಒಳಗೂ ಬರೆದಿದ್ದರೆ ಬಾಳೆಲೆ ಬಾಡಿಸಿ ಹಾಸಿ, ಅದರ ಮೇಲೆ ಬೆಲ್ಲ ಇಡಿ.

ಹಪ್ಪಳ ಕರಿಯದೇ ಹಸಿಯದನ್ನೇ ಕೊಡಿ. ಕರಿದದ್ದು ಆ ತೇವಕ್ಕೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಹಸಿ ಹಪ್ಪಳವನ್ನು ಅವರು ಊರಿಗೆ ಒಯ್ದು ಬೇಕಾದಾಗ ಕರಿದುಕೊಳ್ಳುತ್ತಾರೆ. ತೊಡೆದೇವು ಇಡುವ ಯೋಚನೆ ಬಂದರೆ ಬೇಡ. ರುಚಿಗೆ ಎರಡು ಮಾತಿಲ್ಲ, ಆದರೆ ಆ ಕಾಗದದಂಥ ತೆಳು ಸಿಹಿ ಬ್ಯಾಗಿನಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯೂ ಬೇಡ, ರಸ ಸೋರಿ ಅಜ್ಜಿಯ ಹಸೆಯೇ ಹಾಳಾದೀತು. ಸುರಗಿ ದಂಡೆ ಮಾತ್ರ ಬಿಡಬೇಡಿ. ಏನೇ ಕಡಿಮೆಯಾದರೂ ಅದು ಇರಲಿ. ಒಣಗಿದ ಮೇಲೂ ಆ ಪರಿಮಳ ತಿಂಗಳುಗಟ್ಟಲೆ ಹೋಗುವುದಿಲ್ಲ. ಮನೆಗೆ ಹೋಗಿ ಪೆಟ್ಟಿಗೆಯಲ್ಲಿ ಸೀರೆಯ ನಡುವೆ ಇಟ್ಟವರಿಗೆ, ಸೀರೆ ತೆಗೆದಾಗಲೆಲ್ಲ ನಿಮ್ಮ ಮದುವೆ ನೆನಪಾಗುತ್ತದೆ. ಸುರಗಿ ಹೂ ಬಿಡುವ ಕಾಲ ಮುಗಿಯುತ್ತಾ ಬಂದಿದೆ. ಸಾಕಷ್ಟು ಒಣಗಿಸಿಟ್ಟಿಲ್ಲದಿದ್ದರೆ ಈಗಲೇ ಊರಲ್ಲಿ ಯಾರ ಮನೆಯಲ್ಲಿದೆ ಅಂತ ಕೇಳಿ.

ದಂಡೆ ಕಟ್ಟುವುದು, ಹಪ್ಪಳ ಕಟ್ಟು ಮಾಡುವುದು, ಬಟ್ಟಲಿಗೆ ಬಟ್ಟೆ ಸುತ್ತುವುದು, ಇವನ್ನೆಲ್ಲ ನೀವೊಬ್ಬರೇ ರಾತ್ರಿ ಕೂತು ಮಾಡಬೇಡಿ. ಒಂದು ಭಾನುವಾರ ಅಕ್ಕಪಕ್ಕದವರನ್ನು ಕರೆಯಿರಿ. ಗದ್ದೆ ನಾಟಿಗೆ ಮುಯ್ಯಾಳು ಹೋಗಿ ಬರುವ ಊರಿನಲ್ಲಿ ಇದೇನು ಹೊಸದಲ್ಲ. ಆದರೆ ಕರೆಯುವ ಮೊದಲು ಅಮ್ಮನನ್ನು ಕೇಳಿ. ಮುಯ್ಯಿ ತೀರಿಸಬೇಕಾದವರು ಅವರೇ ಅಲ್ವಾ? ನೀವು ಬೆಂಗಳೂರಲ್ಲಿರುತ್ತೀರಿ, ಮುಂದಿನ ವರ್ಷ ಯಾರದೋ ಮನೆಯ ಹಪ್ಪಳಕ್ಕೆ ಹೋಗಿ ಕೂರುವವರು ಅವರು. ಯಾರನ್ನು ಕರೆಯಬೇಕು, ಯಾರನ್ನು ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವುದೂ ಅವರಿಗೇ ಗೊತ್ತು. ಬಂದವರಿಗೆ ಅವಲಕ್ಕಿ, ಕಾಫಿ ನಿಮ್ಮ ಕೈಯದ್ದಿರಲಿ. ಅಮ್ಮನ ಸಿಟ್ಟು ಕರಗುವುದಾದರೆ ಅವತ್ತು ಕರಗೀತು, ನಾಲ್ಕು ಜನರ ಎದುರು ‘ಅಮ್ಮ, ಇದು ಹೇಗೆ’ ಅಂತ ನೀವು ಅವರನ್ನೇ ಕೇಳುತ್ತಾ ಕೂತಾಗ.

ಬಟ್ಟಲು ಸುತ್ತುವ ಬಟ್ಟೆ ಕೊಳ್ಳುವುದಾದರೆ ಒಂದು ಮಾತು. ಹೆಗ್ಗೋಡಿನ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಅಡಿಕೆ ಚೊಗರಿನಂಥ ಸಹಜ ಬಣ್ಣಗಳಲ್ಲಿ ಕೈಮಗ್ಗದ ಬಟ್ಟೆ ಮಾಡುತ್ತಾ ಬಂದಿದ್ದಾರೆ. ಅಡಿಕೆ ಬೇಯಿಸಿದ ಚೊಗರಿನ ಆ ಕೆಂಪು, ಕೆಮ್ಮಣ್ಣಿನ ಪಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಇನ್ನೊಬ್ಬ ಹೆಂಗಸಿನ ಕೈಕೆಲಸಕ್ಕೆ ದುಡ್ಡು ಕೊಟ್ಟು ತಂದರೆ ನಿಮ್ಮ ಉಡುಗೊರೆಯ ತೂಕ ಕಡಿಮೆಯಾಗುವುದಿಲ್ಲ.

ಗ್ರೂಪಿನಲ್ಲಿ ಆಡಿದ ಮಾತಿನ ಬಗ್ಗೆ ಜಾಸ್ತಿ ತಲೆಬಿಸಿ ಬೇಡ. ಫೋಟೊಗೆ ಹೂವು, ಚಪ್ಪಾಳೆ ಒತ್ತಿದವರು ಅವತ್ತೇ ಮರೆತಿರುತ್ತಾರೆ. ಅಜ್ಜಿ ಮಾತ್ರ ಆ ಮಾತನ್ನು ನಿಮಗಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ, ನಿಮ್ಮ ಮೇಲಿನ ಅಕ್ಕರೆಗೆ. ಕಾಗದ ಎರಡು ಸಲ ಓದಿದಾಗ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ. ನಿಮಗೆ ಬೇಕಿದ್ದುದು ಮದುವೆಗೆ ಮೊದಲು ಅಜ್ಜಿಯ ಪಕ್ಕ ಕೂರಲು ಒಂದು ನೆಪ. ಆದರೆ ನೀವು ವಾರವೆಲ್ಲ ಬೆಂಗಳೂರಲ್ಲಿ, ಅವರು ಊರಲ್ಲಿ. ಕೆಲಸ ಅವರ ಪಾಲಿಗೆ ಬಿತ್ತು, ಜೊತೆ ಕೂರುವುದು ಆಗಲೇ ಇಲ್ಲ. ಸಾಧ್ಯವಾದರೆ ಮದುವೆಯ ರಜೆಯನ್ನು ಒಂದು ವಾರ ಮೊದಲೇ ಶುರು ಮಾಡಿ. ಮದುವೆ ಮುಗಿದ ಮೇಲಿನ ತಿರುಗಾಟ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ. ಆ ವಾರ ಗೋಡೆಗೆ ಕೆಮ್ಮಣ್ಣು ಬಳಿಯುವುದರಿಂದ ಹಿಡಿದು ಅಜ್ಜಿಯ ಜೊತೆಗೇ ಇರಿ.

ಇವತ್ತು ರಾತ್ರಿ ಮೊದಲ ಫೋನು ಅಮ್ಮನಿಗೆ. ಡಾಕ್ಟರ ವಿಷಯ ಹೇಳಿ, ಡಬ್ಬಿ ನಿಮ್ಮಿಷ್ಟದಂತೆ ಆಗಲಿ ಅನ್ನಿ, ಭಾನುವಾರಕ್ಕೆ ಯಾರನ್ನು ಕರೆಯೋಣ ಅಂತ ಕೇಳಿ. ನಾಳೆ ದಾವಣಗೆರೆಗೆ. ಬರೆಯದೇ ಉಳಿದ ಹಾಳೆ ಬಟ್ಟಲುಗಳನ್ನು ಬಿಸಾಡಬೇಡಿ, ಮದುವೆಯ ದಿನ ಪಾಯಸಕ್ಕೆ ಆಗುತ್ತವೆ.